ಕರ್ಚೀಫಿನೊಳಗಿನ ತಲೆ: ಚೀಫ್, ಶೆಫ್ ಮತ್ತು ಒಂದು ಫ್ರೆಂಚ್ ಸದ್ದಿನ ಕಥೆ

ಚೀಫ್ ಮಿನಿಸ್ಟರ್, ಚೀಫ್ ಜಸ್ಟಿಸ್, ಚೀಫ್ ಗೆಸ್ಟ್, ಇಲ್ಲೆಲ್ಲ ಇಂಗ್ಲಿಷಿನ ಸಿ ಎಚ್ ಜೋಡಿನ ನಾವು ಚ ಅಂತ ಓದ್ತೀವಿ. ಅದೇ ಸಿ ಎಚ್ ದೊಡ್ಡ ಹೋಟೆಲಿನ ಅಡುಗೆಮನೆಗೆ ಹೋದ ತಕ್ಷಣ ಶ ಆಗಿಬಿಡುತ್ತೆ, ಶೆಫ್. ಯಾರಾದ್ರೂ ಚೆಫ್ ಅಂದ್ರೆ ಪಕ್ಕದಲ್ಲಿರೋರು ತಿದ್ದುತ್ತಾರೆ, ಆದ್ರೆ ಯಾಕೆ ಹಾಗೆ ಅಂತ ಕೇಳಿದ್ರೆ ಸಿಗೋ ಉತ್ತರ ಒಂದೇ, ಇಂಗ್ಲಿಷ್ ಇರೋದೇ ಹಾಗೆ, ಬಾಯಿಪಾಠ ಮಾಡ್ಕೋ ಅಂತ. ಈ ಉತ್ತರ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ, ಯಾಕಂದ್ರೆ ಇದಕ್ಕೆ ನಿಜವಾದ ಕಾರಣ ಇದೆ, ಆ ಕಾರಣ ಬಹಳ ಚೆನ್ನಾಗೂ ಇದೆ. ಚೀಫ್ ಮತ್ತು ಶೆಫ್ ಮೂಲದಲ್ಲಿ ಒಂದೇ ಫ್ರೆಂಚ್ ಪದ. ಇಂಗ್ಲಿಷಿನವರು ಅದನ್ನ ಎರಡು ಸಲ ತಗೊಂಡಿದ್ದಾರೆ, ಒಂದ್ಸಲ 1300ರ ಆಚೀಚೆ, ಇನ್ನೊಂದ್ಸಲ 19ನೇ ಶತಮಾನದಲ್ಲಿ. ಎರಡನೇ ಸಲ ತಗೊಳ್ಳೋ ಹೊತ್ತಿಗೆ ಫ್ರಾನ್ಸಿನ ಜನರ ಬಾಯಲ್ಲಿ ಆ ಪದದ ಸದ್ದೇ ಬದಲಾಗಿಹೋಗಿತ್ತು, ಇಂಗ್ಲಿಷ್ ಮಾತ್ರ ಹಳೇ ಸದ್ದು ಹೊಸ ಸದ್ದು ಎರಡನ್ನೂ ಇಟ್ಕೊಂಡು ಕೂತಿದೆ.

ಶುರುವಿಂದ ನೋಡೋಣ. ಲ್ಯಾಟಿನ್‌ನಲ್ಲಿ ತಲೆಗೆ ಕಾಪುಟ್ ಅಂತಿದ್ರು. ಆ ಕಾಲದ ಲ್ಯಾಟಿನ್‌ನಲ್ಲಿ ಸಿ ಅಕ್ಷರ ಎಲ್ಲಿ ಬಂದ್ರೂ ಕ ಅಂತಲೇ ಓದ್ಬೇಕು, ನಾವು ಸಿಸಿರೋ ಅಂತ ಕರೆಯೋ ರೋಮನ್ ವಾಗ್ಮಿಯನ್ನ ಅವನ ಊರಿನವರು ಕಿಕೆರೋ ಅಂತ ಕರೀತಿದ್ರು. ಈ ಕಾಪುಟ್‌ನಿಂದ ಹುಟ್ಟಿದ ಮಕ್ಕಳು ಮೊಮ್ಮಕ್ಕಳು ನಮ್ಮ ಮಾತಲ್ಲೇ ಎಷ್ಟೊಂದಿದಾರೆ ನೋಡಿ, ಕ್ಯಾಪಿಟಲ್, ಕ್ಯಾಪ್ಟನ್, ಚಾಪ್ಟರ್, ಚೀಫ್, ಶೆಫ್. ಅಂದಹಾಗೆ ಚೀಫ್ ಮಿನಿಸ್ಟರ್‌ಗೆ ನಾವು ಮುಖ್ಯಮಂತ್ರಿ ಅಂತೀವಲ್ಲ, ಮುಖ್ಯ ಅನ್ನೋದು ಸಂಸ್ಕೃತದ ಮುಖದಿಂದ ಬಂದಿದ್ದು. ಅವರದು ತಲೆ, ನಮ್ಮದು ಮುಖ, ಯೋಚನೆ ಮಾತ್ರ ಒಂದೇ.

ಈಗ ಕಾಪುಟ್ ಅನ್ನೋದು ಚೀಫ್ ಆಗಿದ್ದು ಹೇಗೆ ಅನ್ನೋದಕ್ಕೆ ಬರೋಣ. ಕ ಇದ್ದಿದ್ದು ಚ ಹೇಗಾಯ್ತು? ಇದಕ್ಕೆ ಪುಸ್ತಕ ಬೇಡ, ನಿಮ್ಮ ನಾಲಿಗೆ ಸಾಕು. ಒಂದ್ಸಲ ನಿಧಾನಕ್ಕೆ ಕೂ ಅನ್ನಿ, ಆಮೇಲೆ ಕೀ ಅನ್ನಿ. ಕೂ ಅನ್ನುವಾಗ ನಾಲಿಗೆಯ ಹಿಂಭಾಗ ಗಂಟಲ ಹತ್ತಿರ ತಾಗುತ್ತೆ, ಕೀ ಅನ್ನುವಾಗ ಅದು ಮುಂದಕ್ಕೆ ಬಂದು ಅಂಗುಳದ ನಡುವಿಗೆ ತಾಗುತ್ತೆ, ಯಾಕಂದ್ರೆ ಮುಂದೆ ಬರ್ತಿರೋ ಈ ಸ್ವರಕ್ಕೆ ನಾಲಿಗೆ ಆಗಲೇ ತಯಾರಾಗ್ತಿರುತ್ತೆ. ಹೀಗೆ ಮುಂದಕ್ಕೆ ಬಂದ ಕ ಇನ್ನೊಂಚೂರು ಮುಂದಕ್ಕೆ ಜಾರಿದ್ರೆ ಚ ಆಗುತ್ತೆ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಇದು ಆಗಿದೆ, ಬೇರೆ ಬೇರೆ ಕಾಲದಲ್ಲಿ, ಒಬ್ಬರಿಂದ ಒಬ್ಬರು ಕಲಿಯದೆ.

ನಮ್ಮ ಮನೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಕನ್ನಡದ ಕಿವಿ ತಮಿಳು ತೆಲುಗಿನಲ್ಲಿ ಚೆವಿ. ಕನ್ನಡದ ಕೆರೆ ತೆಲುಗಿನ ಚೆರುವು. ನಮ್ಮ ಕಿರು ಅನ್ನೋದು ತಮಿಳಿನ ಸಿರು, ನಮ್ಮ ಹಳಗನ್ನಡದ ಕೆಯ್ ಅನ್ನೋ ಕ್ರಿಯಾಪದ ಅವರ ಸೆಯ್. ಇ ಮತ್ತು ಎ ಸ್ವರಗಳಿಗೆ ಮುಂಚೆ ಇದ್ದ ಹಳೇ ದ್ರಾವಿಡ ಕ ಅವರಲ್ಲಿ ಮುಂದಕ್ಕೆ ಜಾರಿ ಚ ಆಯ್ತು, ತಮಿಳಿನಲ್ಲಿ ಪದದ ಶುರುವಲ್ಲಿ ಈಗ ಎಷ್ಟೋ ಜನ ಅದನ್ನ ಸ ಅಂತಲೇ ಅಂತಾರೆ, ಕನ್ನಡದವರು ಮಾತ್ರ ಕ ಬಿಡಲಿಲ್ಲ. ಇದರಲ್ಲಿ ಒಂದು ಷರತ್ತೂ ಇದೆ, ಆ ಸ್ವರ ಆದ್ಮೇಲೆ ಳ ಥರದ ನಾಲಿಗೆ ಮಡಚೋ ಅಕ್ಷರ ಇದ್ರೆ ತಮಿಳಲ್ಲೂ ಕ ಹಾಗೇ ಉಳಿದಿದೆ, ಹಾಗಾಗಿ ನಮ್ಮ ಗಿಳಿ ಅವರಲ್ಲಿ ಕಿಳಿ. ಸದ್ದಿನ ಬದಲಾವಣೆ ಅನ್ನೋದು ಮನಸ್ಸಿಗೆ ಬಂದಹಾಗೆ ಆಗೋದಲ್ಲ, ಅದಕ್ಕೆ ಯಾವ ಸ್ವರದ ಮುಂದೆ, ಯಾವ ಅಕ್ಷರದ ಪಕ್ಕ ಅಂತ ಲೆಕ್ಕ ಇರುತ್ತೆ, ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾಗೋದೇ ಇದು.

ಲ್ಯಾಟಿನ್‌ಗೂ ಇದೇ ಆಯ್ತು, ಆದ್ರೆ ಎರಡು ಅಲೆಯಲ್ಲಿ. ಮೊದಲನೇ ಅಲೆ ಇ ಮತ್ತು ಎ ಮುಂದೆ ಇದ್ದ ಕ ಮೇಲೆ ಬಂತು, ಇದು ಹೆಚ್ಚುಕಮ್ಮಿ ಎಲ್ಲ ಲ್ಯಾಟಿನ್ ಮೂಲದ ಭಾಷೆಗಳಲ್ಲೂ ಆಗಿದೆ. ನೂರಕ್ಕೆ ಲ್ಯಾಟಿನ್‌ನಲ್ಲಿ ಕೆಂಟುಮ್, ಇಟಾಲಿಯನ್‌ನಲ್ಲಿ ಚೆಂತೊ, ಫ್ರೆಂಚ್‌ನಲ್ಲಿ ಅದು ತ್ಸ ಆಗಿ ಕೊನೆಗೆ ಬರೀ ಸ ಆಯ್ತು. ಇಂಗ್ಲಿಷಿನಲ್ಲಿ ಸಿಟಿ, ಸೆಂಟ್ ಇವೆಲ್ಲ ಸಿ ಅಕ್ಷರ ಬರೆದು ಸ ಅಂತ ಓದೋದು ಈ ಫ್ರೆಂಚ್ ದಾರಿಯಿಂದಲೇ.

ಎರಡನೇ ಅಲೆ ವಿಚಿತ್ರವಾದದ್ದು. ರೋಮನ್ ಸಾಮ್ರಾಜ್ಯ ಕುಸಿದ ನಂತರದ ಶತಮಾನಗಳಲ್ಲಿ, ಇವತ್ತಿನ ಫ್ರಾನ್ಸಿನ ಉತ್ತರ ಭಾಗದಲ್ಲಿ, ಅ ಸ್ವರದ ಮುಂದೆ ಇದ್ದ ಕ ಕೂಡ ಚ ಆಯ್ತು. ಅ ಅನ್ನೋದು ನಾಲಿಗೆ ಮುಂದಕ್ಕೆ ಬರೋ ಸ್ವರ ಅಲ್ವಲ್ಲ, ಹಾಗಿದ್ರೆ ಹೇಗೆ? ಅಲ್ಲಿನವರ ಅ ನಮ್ಮ ಅ ಥರ ಇರಲಿಲ್ಲ, ಅದು ಬಾಯಲ್ಲಿ ಮುಂದಕ್ಕೆ ಸರಿದು ಆ್ಯ ಥರ ಕೇಳಿಸ್ತಿತ್ತು ಅನ್ನೋದು ಭಾಷಾಶಾಸ್ತ್ರದವರ ವಿವರಣೆ. ಇಟಲಿ, ಸ್ಪೇನ್ ಕಡೆ ಇದು ಆಗಲಿಲ್ಲ, ಹಾಗಾಗಿ ಇಟಾಲಿಯನ್‌ನಲ್ಲಿ ತಲೆ ಅಥವಾ ಮುಖ್ಯಸ್ಥನಿಗೆ ಇವತ್ತಿಗೂ ಕಾಪೊ, ಫ್ರೆಂಚರಿಗೆ ಮಾತ್ರ ಚ. ಕುದುರೆ ಕಬಾಲ್ಲುಸ್ ಇದ್ದಿದ್ದು ಚೆವಾಲ್ ಆಯ್ತು, ಕಾಂತಾರೆ ಅಂದ್ರೆ ಹಾಡೋದು ಚಾಂಟ್ ಕಡೆಗೆ ಬಂತು, ಕ್ಯಾರಿಟಾಸ್ ಹೋಗಿ ಚಾರಿಟಿ, ಕತೇನಾ ಹೋಗಿ ಚೈನ್. ಆದ್ರೆ ಓ ಮತ್ತು ಉ ಮುಂದೆ ಇದ್ದ ಕ ಅಲ್ಲಾಡಲೇ ಇಲ್ಲ, ದೇಹಕ್ಕೆ ಕೊರ್ಪುಸ್ ಇದ್ದಿದ್ದು ಫ್ರೆಂಚ್‌ನಲ್ಲಿ ಇವತ್ತಿಗೂ ಕೊರ್ ಅಂತ ಕ ದಿಂದಲೇ ಶುರುವಾಗುತ್ತೆ. ಮೊದಲೇ ಹೇಳಿದ ಲೆಕ್ಕ ಅಂದ್ರೆ ಇದೇ.

ನಮಗೆಲ್ಲ ಗೊತ್ತಿರೋ ಒಂದು ಜೋಡಿ ಇಲ್ಲಿದೆ. ಲ್ಯಾಟಿನ್‌ನಲ್ಲಿ ಕೋಣೆಗೆ ಕಾಮೆರಾ ಅನ್ನೋ ಪದ ಇತ್ತು. ಅದು ಫ್ರೆಂಚರ ಬಾಯಲ್ಲಿ ಪಳಗಿ ಬಂದಿದ್ದು ಚೇಂಬರ್. ನೇರವಾಗಿ ಲ್ಯಾಟಿನ್ ಪುಸ್ತಕದಿಂದ ಎತ್ತಿಕೊಂಡಿದ್ದು ಕ್ಯಾಮೆರಾ, ಕತ್ತಲೆ ಕೋಣೆಯ ಒಂದು ತೂತಿನಿಂದ ಹೊರಗಿನ ದೃಶ್ಯ ಗೋಡೆ ಮೇಲೆ ಬೀಳೋ ಸಾಧನಕ್ಕೆ ಕಾಮೆರಾ ಒಬ್ಸ್ಕೂರಾ ಅಂತ ಹೆಸರಿತ್ತು, ಅದರಲ್ಲಿ ಕತ್ತಲೆ ಬಿಟ್ಟುಹೋಗಿ ಕೋಣೆ ಮಾತ್ರ ಉಳೀತು. ಅಂದ್ರೆ ಫಿಲ್ಮ್ ಚೇಂಬರ್‌ನ ಚೇಂಬರ್ರೂ ಫಿಲ್ಮ್ ತೆಗೆಯೋ ಕ್ಯಾಮೆರಾನೂ ಒಂದೇ ಪದ.

ಮತ್ತೆ ತಲೆಗೆ ಬರೋಣ. ಕಾಪುಟ್‌ನ ಕ ಚ ಆಯ್ತು, ಅದರ ಜೊತೆಗಿದ್ದ ಅ ಸ್ವರ ಚ ಪಕ್ಕದಲ್ಲಿದ್ದಿದ್ದಕ್ಕೆ ಇಯೆ ಅಂತ ಒಡೀತು, ನಡುವಿನ ಪ ಮೆತ್ತಗಾಗಿ ವ ಆಗಿ ಪದದ ಕೊನೆಗೆ ಬಂದಾಗ ಫ ಆಯ್ತು. ಹೀಗೆ ಹಳೇ ಫ್ರೆಂಚ್‌ನಲ್ಲಿ ಸಿದ್ಧವಾದ ಪದ ಚಿಯೆಫ್. ಇಂಗ್ಲಿಷಿನ ಚೀಫ್ ಪದದ ಸ್ಪೆಲ್ಲಿಂಗ್‌ನಲ್ಲಿ ಐ ಇ ಅಂತ ಎರಡು ಸ್ವರ ಯಾಕಿದೆ ಅಂತ ಮಕ್ಕಳು ತಲೆ ಕೆಡಿಸ್ಕೊಳ್ತಾರಲ್ಲ, ಅದು ಈ ಇಯೆ. ಫ್ರೆಂಚರು ಆಮೇಲೆ ಚ ಪಕ್ಕದ ಈ ಇಯೆ ಬಿಟ್ಟು ಬರೀ ಎ ಇಟ್ಕೊಂಡ್ರು, ಹಾಗಾಗಿ ಶೆಫ್‌ನ ಸ್ಪೆಲ್ಲಿಂಗ್‌ನಲ್ಲಿ ಬರೀ ಇ. ಇಂಗ್ಲಿಷಿಗೆ ಬಂದ ಚೀಫ್‌ನ ಸ್ವರ ಮೊದಲು ಚೇಫ್ ಅನ್ನೋ ಥರ ಇತ್ತು, 15ನೇ ಶತಮಾನದಿಂದ ಇಂಗ್ಲೆಂಡಿನಲ್ಲಿ ಉದ್ದದ ಸ್ವರಗಳೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದವು, ಆಗ ಚೇ ಹೋಗಿ ಚೀ ಆಯ್ತು.

ಈ ಫ್ರೆಂಚ್ ಇಂಗ್ಲೆಂಡಿಗೆ ಹೋಗಿದ್ದು ಹೇಗೆ ಅಂತ ನೋಡೋಣ. 1066ರ ಅಕ್ಟೋಬರ್‌ನಲ್ಲಿ ಹೇಸ್ಟಿಂಗ್ಸ್ ಅನ್ನೋ ಕಡೆ ಯುದ್ಧ ಗೆದ್ದು ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿ ಪ್ರಾಂತ್ಯದ ಡ್ಯೂಕ್ ವಿಲಿಯಂ ಇಂಗ್ಲೆಂಡಿನ ರಾಜ ಆದ. ಅವನ ಜೊತೆ ಬಂದ ದೊರೆಗಳು, ಪಾದ್ರಿಗಳು, ಗುಮಾಸ್ತರು ಮಾತಾಡ್ತಿದ್ದಿದ್ದು ಫ್ರೆಂಚ್, ಆದ್ರೆ ಪ್ಯಾರಿಸಿನ ಫ್ರೆಂಚ್ ಅಲ್ಲ, ನಾರ್ಮಂಡಿಯ ಫ್ರೆಂಚ್. ಇದು ಗಮನಿಸಬೇಕಾದ ವಿಷಯ, ಯಾಕಂದ್ರೆ ಕ ಹೋಗಿ ಚ ಆದ ಎರಡನೇ ಅಲೆ ಉತ್ತರ ನಾರ್ಮಂಡಿಗೂ ಅದರ ಪಕ್ಕದ ಪಿಕಾರ್ಡಿ ಪ್ರಾಂತ್ಯಕ್ಕೂ ತಲುಪಿರಲೇ ಇಲ್ಲ. ಅಲ್ಲಿ ಕ ಕ ಆಗೇ ಇತ್ತು. ಶಾರ್ಲ್ ಜೋರೆ ಅನ್ನೋ ವಿದ್ವಾಂಸ 1883ರಲ್ಲಿ ಈ ಗಡಿ ಎಲ್ಲಿ ಹಾದುಹೋಗುತ್ತೆ ಅಂತ ತೋರಿಸಿಕೊಟ್ಟ, ಇವತ್ತಿಗೂ ಅದನ್ನ ಜೋರೆ ರೇಖೆ ಅಂತಲೇ ಕರೀತಾರೆ. ರೇಖೆಯ ಉತ್ತರಕ್ಕೆ ಹಸು ವಾಕ್, ದಕ್ಷಿಣಕ್ಕೆ ಹೋದ್ರೆ ವಾಶ್. ದ್ರಾವಿಡ ಕುಟುಂಬದಲ್ಲಿ ಕಿವಿ ಕೆರೆ ಉಳಿಸಿಕೊಂಡ ನಾವು ಒಂಥರಾ ಈ ರೇಖೆಯ ಉತ್ತರದವರ ಹಾಗೆ.

ಹೀಗಾಗಿ ಇಂಗ್ಲಿಷಿಗೆ ಒಂದೇ ಪದ ಎರಡು ಬಾಗಿಲಿಂದ ಬರೋಕೆ ಶುರುವಾಯ್ತು. ನಾರ್ಮನ್ ಬಾಗಿಲಿಂದ ಬಂದಿದ್ದಕ್ಕೆ ಕ, ಪ್ಯಾರಿಸ್ ಕಡೆಯ ಬಾಗಿಲಿಂದ ಬಂದಿದ್ದಕ್ಕೆ ಚ. ಕ್ಯಾಚ್ ಮತ್ತು ಚೇಸ್, ಕ್ರಿಕೆಟ್ ನೋಡೋರೆಲ್ಲ ದಿನಾ ಬಳಸೋ ಎರಡು ಪದ, ಬೆನ್ನಟ್ಟಿ ಹಿಡಿಯೋದು ಅನ್ನೋ ಒಂದೇ ಮೂಲದಿಂದ ಬಂದವು, ಒಂದು ನಾರ್ಮನ್, ಇನ್ನೊಂದು ಪ್ಯಾರಿಸ್. ಕಾರ್ಪೆಂಟರ್ ನಾರ್ಮನ್ ರೂಪ, ಪ್ಯಾರಿಸಿನವರು ಅದನ್ನ ಚ ದಿಂದ ಶುರುಮಾಡ್ತಿದ್ರು. ಇನ್ನೊಂದು ಜೋಡಿ ನನಗೆ ತುಂಬಾ ಪ್ರಿಯ. ಕಾಪುಟ್‌ನಿಂದ ಬಂದ ಕ್ಯಾಪಿಟಲ್ ಅನ್ನೋದಕ್ಕೆ ಮೂಲಧನ, ಆಸ್ತಿ ಅನ್ನೋ ಅರ್ಥ ಇತ್ತಲ್ಲ, ಅದರ ನಾರ್ಮನ್ ರೂಪ ಕ್ಯಾಟಲ್, ಅಂದ್ರೆ ಇವತ್ತಿನ ಇಂಗ್ಲಿಷಿನಲ್ಲಿ ದನಕರು. ಪ್ಯಾರಿಸ್ ರೂಪ ಚ್ಯಾಟಲ್, ಅದು ಕಾನೂನಿನ ಭಾಷೆಯಲ್ಲಿ ಚರಾಸ್ತಿ. ಆಸ್ತಿ ಅಂದ್ರೆ ದನಕರುಗಳೇ ಆಗಿದ್ದ ಕಾಲದ ಮಾತು ಅದು. ಕನ್ನಡದ ದನ ಅನ್ನೋದೂ ಸಂಸ್ಕೃತದ ಧನದಿಂದಲೇ ಬಂದಿದ್ದು ಅಂತ ಗೊತ್ತಾದಾಗ ಎರಡು ಕಡೆಯ ರೈತರು ಒಂದೇ ಥರ ಯೋಚನೆ ಮಾಡಿದಾರೆ ಅಂತ ಖುಷಿ ಆಗುತ್ತೆ.

ಗ ದ ಕಥೆನೂ ಇದೇ. ಅ ಸ್ವರಕ್ಕೆ ಮುಂಚೆ ಇದ್ದ ಗ ಪ್ಯಾರಿಸ್ ಕಡೆ ಜ ಆಯ್ತು, ನಾರ್ಮಂಡಿಯಲ್ಲಿ ಗ ಆಗೇ ಉಳೀತು. ಸೆರೆಮನೆಗೆ ಬ್ರಿಟಿಷರ ಹಳೇ ಕಡತಗಳಲ್ಲಿ ಜಿ ಎ ಓ ಎಲ್ ಅಂತ ಒಂದು ಸ್ಪೆಲ್ಲಿಂಗ್ ಇರುತ್ತೆ, ಓದೋದು ಮಾತ್ರ ಜೈಲ್ ಅಂತ. ಬರಹ ನಾರ್ಮನ್ನರದು, ಉಚ್ಚಾರಣೆ ಪ್ಯಾರಿಸಿನದು, ಎರಡನ್ನೂ ಒಂದೇ ಪದದ ಮೇಲೆ ಹೇರಿಬಿಟ್ಟಿದಾರೆ. ಪಂಜರ ಅನ್ನೋ ಅರ್ಥದ ಲ್ಯಾಟಿನ್ ಪದ ಅದರ ಮೂಲ.

ನಾರ್ಮನ್ನರು ವ ವಿಷಯದಲ್ಲೂ ಬೇರೆ ಇದ್ರು. ಜರ್ಮನ್ ಕುಲದ ಭಾಷೆಗಳಿಂದ ಫ್ರೆಂಚಿಗೆ ಬಂದ ಪದಗಳ ಶುರುವಿನ ವ ಪ್ಯಾರಿಸಿನಲ್ಲಿ ಗ್ವ ಆಗಿ ಆಮೇಲೆ ಗ ಆಯ್ತು, ನಾರ್ಮಂಡಿಯಲ್ಲಿ ವ ಉಳೀತು, ಅದಕ್ಕೇ ವಿಲಿಯಂ ಅನ್ನೋ ಹೆಸರು ಇವತ್ತಿನ ಫ್ರೆಂಚ್‌ನಲ್ಲಿ ಗಿಯೋಮ್. ಮಿಕ್ಸಿ ಕೊಳ್ಳೋಕೆ ಹೋದ್ರೆ ಅಂಗಡಿಯವರು ಗ್ಯಾರಂಟಿ ಇಲ್ಲ, ವಾರಂಟಿ ಇದೆ ಅಂತಾರಲ್ಲ, ಎರಡೂ ಒಂದೇ ಮೂಲದ ಪದ, ಒಂದು ನಾರ್ಮನ್ ಸದ್ದು, ಇನ್ನೊಂದು ಆಮೇಲೆ ಬಂದ ಗ ಸದ್ದು. ವ್ಯಾಪಾರದವರು ಅದಕ್ಕೆ ಎರಡು ಬೇರೆ ಅರ್ಥ ಕೊಟ್ಟು ಹಂಚಿಕೊಂಡಿದಾರೆ. ವಾರ್ಡನ್ ಮತ್ತು ಗಾರ್ಡಿಯನ್ನೂ ಹಾಗೇ, ಹಾಸ್ಟೆಲ್ ಫಾರಂನಲ್ಲಿ ಎರಡು ಸಹಿನೂ ಬೇಕಾಗುತ್ತೆ.

ಚೀಫ್ ಇಂಗ್ಲಿಷಿಗೆ ಬಂದಿದ್ದು ಚ ಸದ್ದಿನ ಬಾಗಿಲಿಂದ. ನಾರ್ಮನ್ನರ ನಂತರ 1154ರಲ್ಲಿ ಆಂಜು ಪ್ರಾಂತ್ಯದ ಮನೆತನದ ಎರಡನೇ ಹೆನ್ರಿ ರಾಜನಾದ ಮೇಲೆ ಒಳನಾಡಿನ ಫ್ರೆಂಚ್ ಪ್ರಭಾವ ಜಾಸ್ತಿ ಆಯ್ತು. ಆಮೇಲೆ 1204ರಲ್ಲಿ ಜಾನ್ ರಾಜ ನಾರ್ಮಂಡಿಯನ್ನ ಫ್ರಾನ್ಸಿನ ರಾಜನಿಗೆ ಕಳ್ಕೊಂಡ. ಎರಡು ಕಡೆನೂ ಜಮೀನು ಇಟ್ಕೊಂಡಿದ್ದ ದೊರೆಗಳು ಒಂದು ಕಡೆ ಆರಿಸ್ಕೋಬೇಕಾಯ್ತು, ಇಂಗ್ಲೆಂಡಿನ ಫ್ರೆಂಚ್ ಭಾಷೆಗೆ ತವರಿನ ಜೊತೆ ಹೋಗಿಬರೋದು ಕಮ್ಮಿ ಆಯ್ತು, ಅದು ತನ್ನ ಪಾಡಿಗೆ ತಾನು ಹಳೇ ಸದ್ದುಗಳನ್ನ ಇಟ್ಕೊಂಡು ಉಳೀತು. ಸರಿಯಾಗಿ ಅದೇ 13ನೇ ಶತಮಾನದಲ್ಲಿ ಪ್ಯಾರಿಸ್ ಕಡೆ ಒಂದು ದೊಡ್ಡ ಬದಲಾವಣೆ ನಡೀತಿತ್ತು. ಚ ಸದ್ದು ಶ ಆಗ್ತಿತ್ತು.

ಇದನ್ನೂ ಬಾಯಲ್ಲಿ ಮಾಡಿ ನೋಡಬಹುದು. ಚ ಅನ್ನೋ ಸದ್ದಲ್ಲಿ ಎರಡು ಭಾಗ ಇದೆ, ಮೊದಲು ನಾಲಿಗೆ ತಾಗಿ ಗಾಳಿ ಪೂರ್ತಿ ನಿಲ್ಲುತ್ತೆ, ಆಮೇಲೆ ಬಿಟ್ಟಾಗ ಉಜ್ಜಿಕೊಂಡು ಹೊರಗೆ ಬರುತ್ತೆ. ಮೊದಲನೇ ಭಾಗ ಅಂದ್ರೆ ಆ ಸಣ್ಣ ತಡೆ ಬಿಟ್ಟುಬಿಟ್ರೆ ಉಳಿಯೋದು ಶ. ಫ್ರೆಂಚರು ಮಾಡಿದ್ದು ಅಷ್ಟೇ, ಚ ದಿಂದ ತಡೆ ತೆಗೆದ್ರು, ಜ ದಿಂದಲೂ ತೆಗೆದ್ರು, ತ್ಸ ದಿಂದಲೂ ತೆಗೆದು ಸ ಮಾಡಿದ್ರು. ಮೂರೂ ಒಂದೇ ಕಾಲದಲ್ಲಿ. ಇಂಗ್ಲಿಷಿನವರಿಗೆ ಮಾತ್ರ ಇದರ ಅವಶ್ಯಕತೆ ಬೀಳಲಿಲ್ಲ, ಅವರ ಸ್ವಂತ ಭಾಷೆಯಲ್ಲೇ ಚ ಆರಾಮಾಗಿ ಇತ್ತು, ಚೈಲ್ಡ್, ಚರ್ಚ್, ಚಿನ್ ಇವೆಲ್ಲ ಫ್ರೆಂಚರು ಬರೋಕೂ ಮುಂಚೆ ಅವರಲ್ಲಿದ್ದ ಪದಗಳು, ಅಲ್ಲೂ ಹಿಂದೆ ಕ ಇದ್ದಿದ್ದೇ ಚ ಆಗಿರೋದು, ಸ್ಕಾಟ್ಲೆಂಡಿನಲ್ಲಿ ಚರ್ಚ್‌ಗೆ ಕರ್ಕ್ ಅಂತಾರೆ. ಹಾಗಾಗಿ 13ನೇ ಶತಮಾನಕ್ಕೂ ಮುಂಚೆ ಇಂಗ್ಲೆಂಡಿನ ಫ್ರೆಂಚ್‌ನಲ್ಲಿ ರೂಢಿಯಾದ ಚ ಇಂಗ್ಲಿಷಿನಲ್ಲಿ ಚ ಆಗೇ ನಿಂತುಬಿಡ್ತು.

ಕ ಇಂದ ಚ, ಚ ಇಂದ ಶ, ಈ ಎರಡು ಹೆಜ್ಜೆನೂ ಒಂದೇ ಕಡೆ ನೋಡಬೇಕಂದ್ರೆ ಪಾಂಡಿಚೇರಿಗೆ ಹೋಗಬೇಕು. ತಮಿಳಿನ ಪುದುಚ್ಚೇರಿ ಅಂದ್ರೆ ಹೊಸ ಚೇರಿ, ಆ ಚೇರಿ ಅನ್ನೋದು ನಮ್ಮ ಕೇರಿಯ ಒಡಹುಟ್ಟಿದ ಪದ, ಕುಂಬಾರ ಕೇರಿ ಅಂತೀವಲ್ಲ ಅದೇ ಕೇರಿ. ಕನ್ನಡ ಕ ಉಳಿಸ್ಕೊಂಡಿದೆ, ತಮಿಳು ಚ ಮಾಡಿದೆ. 1674ರಿಂದ ಅಲ್ಲಿ ನೆಲೆ ಊರಿ 1954ರ ತನಕ ಇದ್ದ ಫ್ರೆಂಚರು ಅದೇ ಊರಿನ ಹೆಸರನ್ನ ಸಿ ಎಚ್ ಹಾಕಿ ಬರೆದು ತಮ್ಮ ರೂಢಿಯಂತೆ ಪೊಂಡಿಶೇರಿ ಅಂತ ಓದ್ತಾರೆ.

ಫ್ರಾನ್ಸಿನಲ್ಲಿ ಶೆಫ್ ಅನ್ನೋ ಪದದ ಅರ್ಥಾನೂ ಅಷ್ಟರಲ್ಲಿ ಬದಲಾಗಿತ್ತು. ತಲೆ ಅನ್ನೋ ಅರ್ಥ ಹೋಗಿ ಮುಖ್ಯಸ್ಥ ಅನ್ನೋದು ಮಾತ್ರ ಉಳಿದಿತ್ತು. ತಲೆಗೆ ಅವರು ಬೇರೆ ಪದ ಹಿಡಿದ್ರು, ತೆತ್. ಇದರ ಮೂಲ ಲ್ಯಾಟಿನ್‌ನ ತೆಸ್ತಾ, ಅಂದ್ರೆ ಮಣ್ಣಿನ ಮಡಕೆ. ತಲೆಗೆ ಮಡಕೆ ಅನ್ನೋದು ಮೊದಲು ಬೀದಿ ಮಾತಾಗಿತ್ತು, ನಾವು ಸೋರೆಬುರುಡೆಯ ಬುರುಡೆನ ತಲೆಗೂ ಬಳಸ್ತೀವಲ್ಲ ಹಾಗೆ, ಹೋಗ್ತಾ ಹೋಗ್ತಾ ಅದೇ ಅಧಿಕೃತ ಪದ ಆಯ್ತು. ಇನ್ನೊಂದು ಗಮನಿಸಿ, ತೆಸ್ತಾದಲ್ಲಿದ್ದ ಸ ತೆತ್‌ನಲ್ಲಿ ಇಲ್ಲ. ಇನ್ನೊಂದು ವ್ಯಂಜನಕ್ಕೆ ಮುಂಚೆ ಬರೋ ಸ ಸದ್ದನ್ನ ಫ್ರೆಂಚರು ನುಂಗಿಬಿಟ್ರು, ಬರವಣಿಗೆಯಲ್ಲಿ ತುಂಬಾ ಕಾಲ ಬರೀತಿದ್ರು, 1740ರಲ್ಲಿ ಫ್ರೆಂಚ್ ಅಕಾಡೆಮಿಯ ನಿಘಂಟು ಸಾವಿರಾರು ಪದಗಳ ಸ್ಪೆಲ್ಲಿಂಗ್ ತಿದ್ದಿದಾಗ ಅಂಥ ಸ ತೆಗೆದು ಎಷ್ಟೋ ಕಡೆ ಸ್ವರದ ಮೇಲೆ ಒಂದು ಪುಟ್ಟ ಟೋಪಿ ಗುರುತು ಹಾಕಿತು. ಇಂಗ್ಲಿಷಿಗೆ ಮುಂಚೆನೇ ಹೋಗಿದ್ದ ಪದಗಳಲ್ಲಿ ಆ ಸ ಇವತ್ತಿಗೂ ಕೇಳ್ಸುತ್ತೆ. ಫಾರೆಸ್ಟ್, ಟೆಂಪೆಸ್ಟ್, ಬೀಸ್ಟ್, ಹಾಸ್ಟೆಲ್. ಹಾಸ್ಟೆಲ್ ಮೊದಲು ಬಂತು ಸ ಜೊತೆಗೆ, ಅದೇ ಪದ 17ನೇ ಶತಮಾನದಿಂದ ಈಚೆಗೆ ಮತ್ತೆ ಬಂದಾಗ ಸ ಇರಲಿಲ್ಲ, ಅದು ಹೋಟೆಲ್.

ಶೆಫ್ ಬಂದ ದಾರಿ ಅಡುಗೆಮನೆಯದು. ಫ್ರೆಂಚ್‌ನಲ್ಲಿ ಶೆಫ್ ದ ಕ್ವಿಝಿನ್ ಅಂದ್ರೆ ಅಡುಗೆಮನೆಯ ಯಜಮಾನ. 19ನೇ ಶತಮಾನದಲ್ಲಿ ಲಂಡನ್ನಿನ ಶ್ರೀಮಂತರ ಮನೆಗಳಲ್ಲಿ, ಕ್ಲಬ್ಬುಗಳಲ್ಲಿ ಫ್ರೆಂಚ್ ಅಡುಗೆಯವರನ್ನ ಇಟ್ಕೊಳ್ಳೋದು ದೊಡ್ಡಸ್ತಿಕೆ ಆಗಿತ್ತು, ಅವರ ಜೊತೆ ಈ ಹೆಸರೂ ಬಂತು, ಬರ್ತಾ ಬರ್ತಾ ಬರೀ ಶೆಫ್ ಅಂತ ಚಿಕ್ಕದಾಯ್ತು. 1890ರಲ್ಲಿ ಒಗುಸ್ತ್ ಎಸ್ಕೊಫಿಯೆ ಅನ್ನೋ ಫ್ರೆಂಚ್ ಬಾಣಸಿಗ ಲಂಡನ್ನಿನ ಸವಾಯ್ ಹೋಟೆಲಿಗೆ ಬಂದ, ಸೇನೆಯಲ್ಲಿರೋ ಹಾಗೆ ಅಡುಗೆಮನೆಯ ಕೆಲಸವನ್ನ ದರ್ಜೆ ದರ್ಜೆಯಾಗಿ ಹಂಚಿದ ಪದ್ಧತಿ ಅವನ ಹೆಸರಿಗೇ ಅಂಟಿಕೊಂಡಿದೆ, ಇವತ್ತು ಬೆಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಲ್ಲಿ ಓದೋ ಹುಡುಗರೂ ಸೂ ಶೆಫ್, ಶೆಫ್ ದ ಪಾರ್ಟಿ ಅಂತ ಕಲಿಯೋದು ಅದೇ ಪದ್ಧತಿ. ಸೂ ಅಂದ್ರೆ ಕೆಳಗೆ, ಹಾಗಾಗಿ ಸೂ ಶೆಫ್ ಯಜಮಾನನ ಕೆಳಗಿನವನು, ಶೆಫ್ ದ ಪಾರ್ಟಿ ಅಡುಗೆಮನೆಯ ಒಂದು ವಿಭಾಗ ನೋಡ್ಕೊಳ್ಳೋನು. ಇದು ತಡವಾಗಿ ಬಂದ ಪದ, ಅಷ್ಟೊತ್ತಿಗೆ ಫ್ರೆಂಚರ ಚ ಸತ್ತು ಐನೂರು ವರ್ಷ ಆಗಿತ್ತು, ಇಂಗ್ಲಿಷಿನವರು ಕೇಳಿಸಿಕೊಂಡಿದ್ದೇ ಶ.

ಈಗ ಇದೊಂದು ಕೀಲಿ ಸಿಕ್ಕ ಹಾಗಾಯ್ತು. ಫ್ರೆಂಚ್‌ನಿಂದ ಬಂದ ಪದದಲ್ಲಿ ಸಿ ಎಚ್ ಚ ಆಗಿದ್ರೆ ಸಾಮಾನ್ಯವಾಗಿ ಅದು ಹಳೇ ಸಾಲ, ಚೇರ್, ಚೇಂಬರ್, ಚಾನ್ಸ್, ಚೇಂಜ್, ಚಾರ್ಜ್. ಶ ಆಗಿದ್ರೆ ಅದು 16ನೇ ಶತಮಾನದಿಂದ ಈಚಿನದು, ಮಷೀನ್, ಪ್ಯಾರಾಶೂಟ್, ಬ್ರೋಶರ್, ಶಾಂಪೇನ್, ಶೋಫರ್. ಶೋಫರ್ ಅಂದ್ರೆ ಫ್ರೆಂಚ್‌ನಲ್ಲಿ ಬಿಸಿ ಮಾಡೋನು, ಉಗಿಯ ಗಾಡಿಗಳ ಕಾಲದಲ್ಲಿ ಬೆಂಕಿ ನೋಡ್ಕೊಳ್ಳೋ ಕೆಲಸ ಅದು. ಕ ಆಗಿದ್ರೆ ಆ ಪದ ಫ್ರೆಂಚರ ಬಾಯಿಯ ಸದ್ದೇ ಅಲ್ಲ, ಕೆಮಿಸ್ಟ್ರಿ, ಕ್ಯಾರೆಕ್ಟರ್, ಸ್ಕೂಲ್, ಅವು ಗ್ರೀಕ್ ಕಡೆಯವು, ಅಲ್ಲಿನ ಒಂದು ಅಕ್ಷರವನ್ನ ರೋಮನ್ನರು ಸಿ ಎಚ್ ಅಂತ ಬರೆದ್ರು. ಹೀಗೆ ಒಂದೇ ಅಕ್ಷರ ಜೋಡಿಗೆ ಮೂರು ಸದ್ದು, ಮೂರಕ್ಕೂ ಬೇರೆ ಬೇರೆ ಇತಿಹಾಸ. ಸ್ಪೆಲ್ಲಿಂಗ್ ತಪ್ಪು ಮಾಡೋ ಮಕ್ಕಳಿಗೆ ಬೈಯೋ ಬದಲು ಇದನ್ನ ಒಂದ್ಸಲ ಹೇಳಿಕೊಟ್ರೆ ಎಷ್ಟು ಚೆನ್ನಾಗಿರುತ್ತೆ.

ಈ ಕೀಲಿ ಎಲ್ಲ ಬೀಗಕ್ಕೂ ಆಗಲ್ಲ ಅನ್ನೋದನ್ನೂ ಹೇಳಬೇಕು. ಶಿವಲ್ರಿ ಅನ್ನೋ ಪದ ಹಳೇದು, ಇಂಗ್ಲಿಷಿಗೆ ಬಂದಾಗ ಚ ದಿಂದಲೇ ಇತ್ತು, ಕುದುರೆ ಸವಾರರ ಧರ್ಮ ಅನ್ನೋ ಅರ್ಥ. ಆಮೇಲಿನ ಜನ ಇದು ಫ್ರೆಂಚ್ ಪದ ಅಲ್ವಾ, ಫ್ರೆಂಚ್ ಥರಾನೇ ಹೇಳಬೇಕು ಅಂತ ಶ ಮಾಡಿಬಿಟ್ರು. ನಮ್ಮ ಗ್ಯಾರೇಜಿನವರು ಇದಕ್ಕೆ ಉಲ್ಟಾ, ಗಾಡಿಯ ಆರ್‌ಸಿ ಬುಕ್ಕಲ್ಲಿರೋ ನಂಬರಿಗೆ ಚಾಸಿಸ್ ನಂಬರ್ ಅಂತಾರೆ, ಇಂಗ್ಲಿಷಿನವರು ಶ್ಯಾಸಿ ಅಂತಾರೆ. ಅಕ್ಷರ ನೋಡಿ ಓದಿದ್ದು ಅದು, ನನ್ನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ, ಕನ್ನಡದಲ್ಲಿ ಆ ಪದ ಈಗ ಹಾಗೇ ನಿಂತಿದೆ.

ಚೀಫ್ ಒಂಟಿಯಾಗಿ ಬರಲಿಲ್ಲ, ಬೇರೆ ಪದಗಳ ಒಳಗೆ ಸೇರಿಕೊಂಡೂ ಬಂತು. ಅಚೀವ್ ಅಂದ್ರೆ ಮೂಲದಲ್ಲಿ ತಲೆಗೆ ಮುಟ್ಟಿಸೋದು, ಅಂದ್ರೆ ಕೊನೆ ಮುಟ್ಟಿಸೋದು. ಮಿಸ್ಚಿಫ್ ಅಂದ್ರೆ ಕೆಟ್ಟ ಕೊನೆ ಕಂಡಿದ್ದು. ಮೂರನೆಯದು ನಮ್ಮ ಜೇಬಲ್ಲೇ ಇದೆ. ಕೂವ್ರ್ ಅಂದ್ರೆ ಫ್ರೆಂಚ್‌ನಲ್ಲಿ ಮುಚ್ಚು, ಅದಕ್ಕೆ ಚೀಫ್ ಸೇರಿ ಕೂವ್ರ್‌ಚೀಫ್, ತಲೆ ಮುಚ್ಚೋ ಬಟ್ಟೆ, ಹೆಂಗಸರು ತಲೆಗೆ ಕಟ್ಟಿಕೊಳ್ತಿದ್ದ ವಸ್ತ್ರ. ಇಂಗ್ಲಿಷಿನವರ ಬಾಯಲ್ಲಿ ಅದು ಸವೆದು ಕರ್ಚೀಫ್ ಆಯ್ತು. 16ನೇ ಶತಮಾನದಲ್ಲಿ ಕೈಯಲ್ಲಿ ಹಿಡಿಯೋ ಚಿಕ್ಕ ಬಟ್ಟೆಗೆ ಅದರ ಮುಂದೆ ಹ್ಯಾಂಡ್ ಸೇರಿಸಿದ್ರು, ಹ್ಯಾಂಡ್‌ಕರ್ಚೀಫ್, ಅಕ್ಷರಶಃ ಕೈ ತಲೆಮುಚ್ಚುಗೆ. ಕನ್ನಡಕ್ಕೆ ಬಂದಾಗ ನಾವು ಹ್ಯಾಂಡ್ ಬಿಟ್ಟು ಕರ್ಚೀಫ್ ಅಂತ ಇಟ್ಕೊಂಡ್ವಿ, ಬಸ್ಸಲ್ಲಿ ಸೀಟು ಹಿಡಿಯೋಕೆ ಕಿಟಕಿಯಿಂದ ಎಸೆಯೋ ಬಟ್ಟೆಗೆ ರೋಮನ್ನರ ತಲೆಯ ಹೆಸರಿದೆ. ಅದರ ಮೊದಲಿನ ಕರ್ ಇನ್ನೊಂದು ಪದದಲ್ಲೂ ಇದೆ, ಕರ್ಫ್ಯೂ. ಅದು ಕೂವ್ರ್ ಜೊತೆ ಬೆಂಕಿ ಅನ್ನೋ ಅರ್ಥದ ಫ್ಯೂ ಸೇರಿ ಆಗಿದ್ದು. ಮರದ ಮನೆಗಳ ಊರುಗಳಲ್ಲಿ ರಾತ್ರಿ ಗಂಟೆ ಬಾರಿಸಿದ್ರೆ ಒಲೆಯ ಬೆಂಕಿ ಮುಚ್ಚಿ ಮಲಗಬೇಕು ಅನ್ನೋ ಕಟ್ಟಳೆ ಇತ್ತು, ಆ ಗಂಟೆಯ ಹೆಸರು ಕರ್ಫ್ಯೂ.

ಕೊನೆಯದಾಗಿ ಇಂಗ್ಲಿಷ್ ಕಡಲ್ಗಾಲುವೆಯ ದ್ವೀಪಗಳ ಬಗ್ಗೆ ಒಂದು ಮಾತು. 1204ರಲ್ಲಿ ನಾರ್ಮಂಡಿ ಕೈತಪ್ಪಿದ್ರೂ ಜರ್ಸಿ, ಗರ್ನ್ಸಿ ದ್ವೀಪಗಳು ಇಂಗ್ಲೆಂಡಿನ ರಾಜನ ಕೈಯಲ್ಲೇ ಉಳಿದವು, ಅಲ್ಲಿ ಇವತ್ತಿಗೂ ಸ್ವಲ್ಪ ಜನ, ಹೆಚ್ಚಾಗಿ ವಯಸ್ಸಾದವರು, ನಾರ್ಮನ್ ಭಾಷೆ ಮಾತಾಡ್ತಾರೆ. ಬೆಕ್ಕಿಗೆ ಪ್ಯಾರಿಸಿನವರ ಥರ ಶಾ ಅನ್ನದೆ ಕಾ ಅಂತಾರೆ, ಹಸುವಿಗೆ ವಾಕ್, ಹಳೇ ಕ ಹಾಗೇ ಇದೆ. ಆದ್ರೆ ನಾಯಿಗೆ ನಾರ್ಮಂಡಿಯವರು ಕಿಯೆನ್ ಥರ ಹೇಳ್ತಿದ್ದ ಪದದಲ್ಲಿ ಕ ಆದ್ಮೇಲೆ ಇ ಇತ್ತಲ್ಲ, ಈ ದ್ವೀಪದವರ ಬಾಯಲ್ಲಿ ಆ ಕ ಮತ್ತೆ ಮುಂದಕ್ಕೆ ಜಾರಿದೆ, ಅಲ್ಲಿ ನಾಯಿಯ ಹೆಸರು ಈಗ ಚ ದಿಂದ ಶುರುವಾಗುತ್ತೆ.